ಉಷ್ಣವಲಯದ ಸಟೈವಾ ಗಾಂಜಾ: ಡರ್ಬನ್, ಮಲಾವಿ, ಥಾಯ್, ಕೊಲಂಬಿಯಾ ತಳಿಗಳಲ್ಲಿ ಯಾವುದು ಯಾರಿಗೆ

ಕೆನಡಾದಲ್ಲಿ 2018ರ ಅಕ್ಟೋಬರ್ 17ರಂದು ಗಾಂಜಾ ಕಾಯ್ದೆ ಜಾರಿಗೆ ಬಂದ ಮೇಲೆ ಒಂಟಾರಿಯೊದಲ್ಲಿ ಮನೆಯೊಂದಕ್ಕೆ ನಾಲ್ಕು ಗಿಡ ಬೆಳೆಸಿಕೊಳ್ಳಬಹುದು. ಮನೆಯಲ್ಲಿ ಎಷ್ಟು ಜನರಿದ್ದರೂ ನಾಲ್ಕೇ. ಟೊಮೇಟೊದಂತೆ ಹತ್ತು ಬಗೆ ಹಾಕಿ ಚೆನ್ನಾಗಿ ಬಂದದ್ದನ್ನು ಉಳಿಸಿಕೊಳ್ಳುವ ಅವಕಾಶ ಇಲ್ಲಿಲ್ಲದ ಕಾರಣ ಬೀಜ ಕೊಳ್ಳುವ ಮೊದಲೇ ತಳಿಯನ್ನು ಆರಿಸಬೇಕಾಗುತ್ತದೆ. ಬೀಜದ ಪಟ್ಟಿಗಳಲ್ಲಿ ಥಾಯ್, ಮಲಾವಿ ಗೋಲ್ಡ್, ಡರ್ಬನ್ ಪಾಯ್ಸನ್, ಸಾಂತಾ ಮಾರ್ತಾ ಗೋಲ್ಡ್ ಎಂಬ ಉಷ್ಣವಲಯದ ಹೆಸರುಗಳು ಒಂದೇ ಬಣ್ಣನೆ ಹೊತ್ತು ಸಾಲಾಗಿ ನಿಂತಿರುತ್ತವೆ: ಲವಲವಿಕೆ, ಚುರುಕು ಬುದ್ಧಿ, ಹಗಲಿಗೆ ಹೇಳಿ ಮಾಡಿಸಿದ್ದು. ಬಣ್ಣನೆಯನ್ನು ನಂಬಿ ಕೊಂಡವರಲ್ಲಿ ನಾನೂ ಒಬ್ಬ. ಆರು ಬೇಸಿಗೆಗಳ ಬಳಿಕ ನಾನು ಕಂಡುಕೊಂಡದ್ದು ಇಷ್ಟು: ಈ ತಳಿಗಳನ್ನು ಆರಿಸುವಾಗ ಅವು ಕೊಡುವ ಮತ್ತಿನ ಬಗ್ಗೆ ಬರೆದದ್ದಕ್ಕಿಂತ ಅವು ಹೂವಿಗೆ ಬರುವ ದಿನದ ಬಗ್ಗೆ ಬರೆದದ್ದನ್ನು ಮೊದಲು ಓದಬೇಕು.

ಈ ಬರಹ ಕಾನೂನು ಒಪ್ಪುವ ಊರಿನಲ್ಲಿರುವ ವಯಸ್ಕರಿಗೆ ಮಾತ್ರ. ಕರ್ನಾಟಕದಲ್ಲಿ, ಭಾರತದ ಬೇರೆಲ್ಲಿಯೇ ಆಗಲಿ, ಪರವಾನಗಿ ಇಲ್ಲದೆ ಗಾಂಜಾ ಬೆಳೆಯುವುದು 1985ರ ಮಾದಕ ವಸ್ತುಗಳ ಕಾಯ್ದೆಯ 20ನೆಯ ಕಲಮಿನ ಪ್ರಕಾರ ಹತ್ತು ವರ್ಷಗಳವರೆಗೆ ಕಠಿಣ ಸಜೆ ತರಬಲ್ಲ ಅಪರಾಧ. ಜೋಳದ ಹೊಲದ ನಡುವೆ ಎರಡು ಸಾಲು ಹಾಕಿದವರೂ ಮನೆಯ ಮಹಡಿಯಲ್ಲಿ ಕುಂಡ ಇಟ್ಟವರೂ ಅದರ ಕೈಗೆ ಒಂದೇ. ಹೊರದೇಶದಲ್ಲಿರುವ ಕನ್ನಡಿಗರಿಗೂ ನಿಯಮ ಊರಿಂದೂರಿಗೆ ಬೇರೆ. ಜರ್ಮನಿಯಲ್ಲಿ 2024ರ ಏಪ್ರಿಲ್ 1ರಿಂದ ವಯಸ್ಕರೊಬ್ಬರಿಗೆ ಮೂರು ಗಿಡ. ಕ್ಯಾಲಿಫೋರ್ನಿಯಾದಲ್ಲಿ ಮನೆಗೆ ಆರು. ಆದರೆ ನ್ಯೂಜೆರ್ಸಿಯಲ್ಲಿಯೂ ವಾಷಿಂಗ್ಟನ್ ರಾಜ್ಯದಲ್ಲಿಯೂ ಅಂಗಡಿಯಲ್ಲಿ ಕೊಳ್ಳಬಹುದೇ ಹೊರತು ಮನೆಯಲ್ಲಿ ಸುಮ್ಮನೆ ಒಂದು ಗಿಡ ಬೆಳೆಸುವಂತಿಲ್ಲ. ಕೆನಡಾದೊಳಗೇ ಕ್ವಿಬೆಕ್ ಪ್ರಾಂತ್ಯ ಮನೆಯ ಬೆಳೆಯನ್ನು ನಿಷೇಧಿಸಿದೆ. ಆ ನಿಷೇಧವನ್ನು ಕೆನಡಾದ ಸುಪ್ರೀಂ ಕೋರ್ಟ್ 2023ರಲ್ಲಿ ಎತ್ತಿಹಿಡಿದಿದೆ. ಅಮೆರಿಕದಲ್ಲಿ ವೀಸಾದ ಮೇಲಿರುವವರ ಪರಿಸ್ಥಿತಿ ಇನ್ನೂ ಸೂಕ್ಷ್ಮವಾದದ್ದು. ಅದನ್ನು ಮುಂದೆ ಹೇಳುತ್ತೇನೆ.

ಹೆಸರಿನ ಗೊಂದಲ

ಸಟೈವಾ, ಇಂಡಿಕಾ ಎಂಬ ಪದಗಳು ಸಸ್ಯಶಾಸ್ತ್ರದಿಂದ ಹೊರಟು ಅಂಗಡಿಗೆ ಬರುವಷ್ಟರಲ್ಲಿ ಅರ್ಥವನ್ನು ತಲೆಕೆಳಗು ಮಾಡಿಕೊಂಡಿವೆ. ಲಿನೇಯಸ್ 1753ರಲ್ಲಿ ಕ್ಯಾನಬಿಸ್ ಸಟೈವಾ ಎಂದು ಹೆಸರಿಟ್ಟದ್ದು ಯುರೋಪಿನಲ್ಲಿ ಹಗ್ಗಕ್ಕಾಗಿ, ಹಾಯಿಬಟ್ಟೆಗಾಗಿ ಬೆಳೆಯುತ್ತಿದ್ದ ನಾರಿನ ಗಿಡಕ್ಕೆ. ಸಟೈವಾ ಎಂದರೆ ಬಿತ್ತಿ ಬೆಳೆದದ್ದು ಎಂದಷ್ಟೇ ಅರ್ಥ. ಭತ್ತವೂ ಒರೈಜಾ ಸಟೈವಾ ತಾನೆ? ಭಾರತದಿಂದ ಹೋದ, ಅಮಲೇರಿಸುವ ಗಿಡದ ಮಾದರಿಗಳನ್ನು ನೋಡಿ ಲಾಮಾರ್ಕ್ 1785ರಲ್ಲಿ ಅದನ್ನು ಇಂಡಿಕಾ ಎಂದು ಬೇರೆ ಮಾಡಿದ. ಹೀಗಿರುವಾಗ ಇಡುಕ್ಕಿಯ ಬೆಟ್ಟದಲ್ಲಿಯೋ ಮೈಸೂರು ಸೀಮೆಯಲ್ಲಿಯೋ ಹಿಂದೆ ಬೆಳೆಯುತ್ತಿದ್ದ, ಎತ್ತರಕ್ಕೆ ಹೋಗುವ, ಎಲೆಯ ಬೆರಳು ಸಣಕಲಾದ ಗಿಡವೇ ಲಾಮಾರ್ಕ್ ಹೇಳಿದ ಇಂಡಿಕಾ. ಇಂದು ಬೀಜ ಮಾರುವವರು ಅದನ್ನೇ ಅಪ್ಪಟ ಸಟೈವಾ ಎಂದು ಕರೆದು, ಇಂಡಿಕಾ ಎಂಬ ಹೆಸರನ್ನು ಅಫ್ಘಾನಿಸ್ತಾನದ ಕುಳ್ಳನೆಯ, ಅಗಲ ಎಲೆಯ ಗಿಡಕ್ಕೆ ಕೊಟ್ಟಿದ್ದಾರೆ.

ಇದು ಪಂಡಿತರ ತಕರಾರು ಎನಿಸಬಹುದು. ಆದರೆ ಡಬ್ಬಿಯ ಮೇಲಿನ ಚೀಟಿ ಗಿಡದ ಮೂಲವನ್ನಾಗಲಿ ಪರಿಣಾಮವನ್ನಾಗಲಿ ಹೇಳುವುದಿಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ. ನೆದರ್ಲೆಂಡ್ಸ್‌ನಲ್ಲಿ ಮಾರಾಟವಾಗುವ ಗಾಂಜಾ ಮಾದರಿಗಳನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟವಾದ ಅಧ್ಯಯನವೊಂದು, ಈ ಎರಡು ಹೆಸರುಗಳಿಗೂ ಗಿಡಗಳ ಒಟ್ಟಾರೆ ವಂಶವಾಹಿ ಸಂಬಂಧಕ್ಕೂ ಹೊಂದಿಕೆಯಿಲ್ಲವೆಂದೂ, ವಾಸನೆ ಕೊಡುವ ಕೆಲವೇ ಟರ್ಪೀನುಗಳ ಮಟ್ಟಿಗೆ ಮಾತ್ರ ಹೊಂದಿಕೆ ಕಾಣುತ್ತದೆಂದೂ ತೋರಿಸಿತು. ಜನ ಮೂಗಿನಿಂದ ಹೆಸರಿಡುತ್ತಿದ್ದಾರೆ ಎಂದಾಯಿತು. ಈ ಬರಹದಲ್ಲಿ ಸಟೈವಾ ಎಂದಾಗ ಅಂಗಡಿಯ ಅರ್ಥವನ್ನಲ್ಲ, ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವೆಯೋ ಅವುಗಳ ಅಂಚಿನಲ್ಲಿಯೋ ತಲೆಮಾರುಗಳಿಂದ ನೆಲೆಸಿದ ಜವಾರಿ ತಳಿಗಳನ್ನು ಉದ್ದೇಶಿಸಿದ್ದೇನೆ.

ಹಗಲಿನ ಲೆಕ್ಕ

ಬೆಂಗಳೂರಿನಿಂದ ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಹೋದವರು ಸೇವಂತಿಗೆ ಹೊಲಗಳಲ್ಲಿ ಸಾಲುಸಾಲಾಗಿ ಬಲ್ಬು ಉರಿಯುವುದನ್ನು ನೋಡಿರುತ್ತಾರೆ. ಸೇವಂತಿಗೆ ಹಗಲು ಕುಗ್ಗಿದಾಗ ಹೂಬಿಡುವ ಗಿಡ. ರಾತ್ರಿ ದೀಪ ಹಾಕಿ ಹಗಲು ಇನ್ನೂ ದೀರ್ಘವಾಗಿದೆ ಎಂದು ಅದನ್ನು ನಂಬಿಸಿದರೆ ಗಿಡ ಬೆಳೆಯುತ್ತಲೇ ಇದ್ದು, ಹಬ್ಬದ ಬೆಲೆ ಬರುವ ಹೊತ್ತಿಗೆ ದೀಪ ಆರಿಸಿದಾಗ ಹೂವಿಗೆ ಬರುತ್ತದೆ. ಗಾಂಜಾ ಗಿಡದ ಸ್ವಭಾವವೂ ಇದೇ. ಹೂಬಿಡಿಸುವುದು ಅದರ ವಯಸ್ಸಲ್ಲ, ಇರುಳಿನ ಉದ್ದ.

ಉಷ್ಣವಲಯದ ತಳಿಗಳ ತೊಡಕು ಇಲ್ಲಿಂದಲೇ ಶುರುವಾಗುತ್ತದೆ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲು ಹದಿಮೂರು ಗಂಟೆಗೆ ಕೆಲವು ನಿಮಿಷ ಕಡಿಮೆ, ಅತಿ ಗಿಡ್ಡ ಹಗಲು ಹನ್ನೊಂದೂವರೆ ಗಂಟೆಯ ಆಸುಪಾಸು. ಮಲಾವಿಯ ನ್ಖೋಟಕೋಟ ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿರುವುದರಿಂದ ಅಲ್ಲಿಯ ಹಗಲಿನ ಏರಿಳಿತವೂ ಅಷ್ಟೇ, ತಿಂಗಳುಗಳು ಮಾತ್ರ ಅದಲುಬದಲು. ಇಂಥ ಊರಿನ ಗಿಡ ಹದಿಮೂರು ಗಂಟೆಗಿಂತ ದೊಡ್ಡ ಹಗಲನ್ನು ಕಂಡೇ ಇಲ್ಲ. ಚಳಿಯ ಭಯವಿಲ್ಲದ ಕಾರಣ ಅದಕ್ಕೆ ಅವಸರವೂ ಇಲ್ಲ. ಮಳೆ ನಿಂತ ಮೇಲೆ ನಿಧಾನವಾಗಿ ಹೂಬಿಟ್ಟು, ಮೊದಲ ಹೂ ಬಲಿಯುತ್ತಿರುವಾಗಲೇ ತುದಿಯಲ್ಲಿ ಹೊಸ ಹೂ ಬಿಡುತ್ತ ಮೂರೂವರೆ ನಾಲ್ಕು ತಿಂಗಳು ಕಳೆಯುವುದು ಅದರ ಅಭ್ಯಾಸ. ಅಫ್ಘಾನ್ ಗಿಡವಾದರೋ ಹಿಮ ಬೀಳುವ ಮೊದಲು ಮುಗಿಸಬೇಕೆಂದು ಏಳರಿಂದ ಒಂಬತ್ತು ವಾರಗಳಲ್ಲಿ ಕೊಯ್ಲಿಗೆ ಬರುತ್ತದೆ.

ಇದನ್ನು ಟೊರೊಂಟೊದ ಪಂಚಾಂಗಕ್ಕೆ ಹೊಂದಿಸಿ ನೋಡೋಣ. ಇಲ್ಲಿ ಜೂನ್ ಕೊನೆಯ ಹಗಲು ಹದಿನೈದೂವರೆ ಗಂಟೆಗೆ ತೀರ ಹತ್ತಿರ. ಹಗಲು ಹದಿಮೂರು ಗಂಟೆಗೆ ಇಳಿಯುವುದು ಸೆಪ್ಟೆಂಬರ್ ಮೊದಲ ವಾರದಲ್ಲಿ. ಮಲಾವಿ ಗಿಡ ಅಂದೇ ಹೂವಿಗೆ ಶುರು ಹಚ್ಚಿಕೊಂಡಿತೆಂದೇ ಇಟ್ಟುಕೊಂಡರೂ ಹದಿನಾಲ್ಕು ವಾರ ಎಂದರೆ ಡಿಸೆಂಬರ್ ಮಧ್ಯ. ಹಿತ್ತಲಲ್ಲಿ ಮೊದಲ ಹೆಪ್ಪುಗಟ್ಟಿದ ಇಬ್ಬನಿ ಕಾಣಿಸುವುದು ಅಕ್ಟೋಬರಿನಲ್ಲಿ. ನನ್ನ ಎರಡನೆಯ ಬೇಸಿಗೆಯಲ್ಲಿ ನಡೆದದ್ದೂ ಇದೇ. ಬೇಲಿಗಿಂತ ಎತ್ತರಕ್ಕೆ ಬೆಳೆದು ನೋಡಲು ಸೊಗಸಾಗಿದ್ದ ಗಿಡ ಅಕ್ಟೋಬರ್ ಬಂದರೂ ಗೆಣ್ಣಿಗೆ ಎರಡು ಬಿಳಿ ಎಳೆ ತೋರಿಸಿ ಸುಮ್ಮನಿತ್ತು. ಒಂದು ಬೆಳಗ್ಗೆ ಎದ್ದು ನೋಡಿದರೆ ಬೇಯಿಸಿದ ಪಾಲಕ್ ಸೊಪ್ಪಿನಂತೆ ಎಲೆಯೆಲ್ಲ ಕಪ್ಪಾಗಿ ಜೋತುಬಿದ್ದಿತ್ತು. ಬರ್ಲಿನ್, ಮ್ಯೂನಿಕ್‌ಗಳಲ್ಲಿ ಇರುವವರಿಗೆ ಈ ಲೆಕ್ಕ ಇನ್ನೂ ಕಠೋರ. ಸ್ಯಾನ್ ಹೋಸೆಯಂಥ ಕ್ಯಾಲಿಫೋರ್ನಿಯಾ ಕರಾವಳಿಗೆ ಹತ್ತಿರದ ಊರುಗಳಲ್ಲಿ ನವೆಂಬರ್ ತನಕ ಕಾಯಬಹುದಾದ್ದರಿಂದ ಅಲ್ಲಿ ಸ್ವಲ್ಪ ಉಸಿರಾಡಲು ಜಾಗವಿದೆ.

ಬೀಜ ಕೊಳ್ಳುವಾಗ ಮೋಸ ಹೋಗದಿರಲೂ ಇದೇ ಲೆಕ್ಕ ನೆರವಾಗುತ್ತದೆ. ಒಮ್ಮೆ ಅಪ್ಪಟ ಥಾಯ್ ಎಂದು ಒಳ್ಳೆಯ ಬೆಲೆ ಕೊಟ್ಟು ತರಿಸಿದ ಬೀಜ ದೀಪದಡಿ ಒಂಬತ್ತನೆಯ ವಾರಕ್ಕೆ ಕೊಯ್ಲಿಗೆ ಬಂದಿತು. ಗಿಡ ಚೆನ್ನಾಗಿಯೇ ಇತ್ತು, ಆದರೆ ಥಾಯ್ ಆಗಿರಲಿಲ್ಲ. ಒಂಬತ್ತು ವಾರದ ಥಾಯ್ ಎಂಬುದು ತೊಂಬತ್ತು ದಿನದ ರಾಜಮುಡಿ ಎಂದಷ್ಟೇ ನಂಬತಕ್ಕದ್ದು. ಪಟ್ಟಿಯಲ್ಲಿ ಹೂವಿನ ಅವಧಿ ಹನ್ನೆರಡು ವಾರಕ್ಕಿಂತ ಕಡಿಮೆ ಎಂದು ಕಂಡರೆ, ಡರ್ಬನ್ ಒಂದನ್ನು ಬಿಟ್ಟು, ಅದರಲ್ಲಿ ಅಫ್ಘಾನ್ ರಕ್ತ ಬೆರೆತಿದೆ ಎಂದೇ ತಿಳಿಯಬೇಕು. ಬೆರೆತಿರುವುದು ತಪ್ಪೇನಲ್ಲ, 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬೆಳೆಗಾರರು ಕೊಲಂಬಿಯಾ, ಮೆಕ್ಸಿಕೊ, ಅಫ್ಘಾನ್ ತಳಿಗಳನ್ನು ಕೂಡಿಸಿ ಸ್ಕಂಕ್ ಎಂಬ ಮಿಶ್ರ ತಳಿ ಮಾಡಿದ್ದೇ ಈ ಅವಧಿಯನ್ನು ಮೊಟಕುಗೊಳಿಸಲು. ಬೆರೆತದ್ದನ್ನು ಅಪ್ಪಟ ಎಂದು ಮಾರುವುದಷ್ಟೇ ತಪ್ಪು.

ನಾಲ್ಕು ತಳಿಗಳು

ಡರ್ಬನ್ ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ಕರಾವಳಿಯದು. ಭೂಮಧ್ಯರೇಖೆಯಿಂದ ಮೂವತ್ತು ಡಿಗ್ರಿ ದೂರವಿರುವುದರಿಂದ, ಕಟ್ಟುನಿಟ್ಟಾಗಿ ಹೇಳುವುದಾದರೆ, ಉಷ್ಣವಲಯದ ಹೊಸ್ತಿಲಾಚೆಯ ತಳಿ. ಅಲ್ಲಿ ಬೇಸಿಗೆಯ ಹಗಲು ಹದಿನಾಲ್ಕು ಗಂಟೆಯಷ್ಟಾಗುವುದರಿಂದ ಗಿಡಕ್ಕೆ ದೀರ್ಘ ಹಗಲಿನ ಪರಿಚಯವಿದೆ. ಎಲೆ ಸಪೂರವಾಗಿದ್ದರೂ ಹೂ ಎಂಟರಿಂದ ಹತ್ತು ವಾರಗಳಲ್ಲಿ ಮುಗಿಯುತ್ತದೆ. ಆಗಸ್ಟ್ ಮಧ್ಯದಲ್ಲಿ ಮೊಗ್ಗು ತೋರಿಸಿ ಅಕ್ಟೋಬರ್ ಮಧ್ಯಕ್ಕೆ ಕೊಯ್ಲು ಕೊಡುವ ಡರ್ಬನ್ ಮಾತ್ರ ಒಂಟಾರಿಯೊದ ಹಿತ್ತಲಲ್ಲಿ ನನಗೆ ಮೂರು ವರ್ಷಗಳಲ್ಲಿ ಎರಡು ಸಲ ಕೈಗೆ ಬಂದಿದೆ. ಹೂವನ್ನು ಉಜ್ಜಿದರೆ ಊಟದ ನಂತರದ ಸೋಂಪಿನ ವಾಸನೆ, ಅದರ ಹಿಂದೆಯೇ ಪೈನ್ ಮರದ ಅಂಟಿನ ಘಾಟು. ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯ 2018ರ ಸೆಪ್ಟೆಂಬರಿನಲ್ಲಿ ಖಾಸಗಿ ಬಳಕೆಗೆ ಮನೆಯಲ್ಲಿ ಬೆಳೆಯುವುದನ್ನು ಅಪರಾಧದ ಪಟ್ಟಿಯಿಂದ ತೆಗೆದ ಮೇಲೆ ಅಲ್ಲಿಯವರು ತಮ್ಮ ಡಾಗ್ಗವನ್ನು ತಮ್ಮ ನೆಲದಲ್ಲೇ ಬೆಳೆಯುತ್ತಿದ್ದಾರೆ. ಡಾಗ್ಗ ಎಂಬುದು ಖೋಯಿ ಜನರ ಭಾಷೆಯಿಂದ ಬಂದ, ಅಲ್ಲಿ ಗಾಂಜಾಕ್ಕೆ ಇರುವ ಹೆಸರು. ಮೊದಲ ಸಲ ಬೆಳೆಯುವವರು, ಚಳಿದೇಶದವರು, ದೀಪದ ಖರ್ಚು ಬೇಡ ಎನ್ನುವವರು ಇದರಾಚೆಗೆ ನೋಡುವ ಅಗತ್ಯವಿಲ್ಲ.

ಮಲಾವಿಯನ್ನು ಅಲ್ಲಿಯವರು ಚಂಬ ಎನ್ನುತ್ತಾರೆ. ಮಲಾವಿ ಸರೋವರದ ಪಶ್ಚಿಮ ದಂಡೆಯ ನ್ಖೋಟಕೋಟ ಇದರ ಹೆಸರಾದ ಸೀಮೆ. ಹೂವನ್ನು ಬಿಗಿಯಾಗಿ ಸುತ್ತಿ, ಬಾಳೆ ಎಲೆಯಂಥದರಲ್ಲಿ ಕಟ್ಟಿ ಮಾಗಿಸಿ, ಮೆಕ್ಕೆಜೋಳದ ತೆನೆಯಂತೆ ಕಾಣುವ ಕಟ್ಟು ಮಾಡುವುದು ಅಲ್ಲಿನ ರೂಢಿ. ಗಿಡ ಗಟ್ಟಿಮುಟ್ಟು, ರಾಳ ಹೇರಳ, ಹೂವಿನ ಅವಧಿ ಹದಿನಾಲ್ಕು ವಾರದ ಮೇಲೆ. ಮನೆಯೊಳಗೆ ದೀಪದಡಿ ಬೆಳೆಯಲು ನಾಲ್ಕು ತಿಂಗಳ ತಾಳ್ಮೆ ಇರುವವರಿಗೆ ಈ ನಾಲ್ಕರಲ್ಲಿ ನಾನು ಇದನ್ನೇ ಸೂಚಿಸುತ್ತೇನೆ. ಆದರೆ ಇದರ ಅಮಲು ತೀಕ್ಷ್ಣವಾದದ್ದು, ಬೇಗ ಬಿಡುವುದೂ ಇಲ್ಲ. ಎದೆ ಹೊಡೆದುಕೊಳ್ಳುವ, ಸಣ್ಣದಕ್ಕೂ ಗಾಬರಿಯಾಗುವ ಪ್ರಕೃತಿಯವರಿಗೆ ಹೇಳಿದ್ದಲ್ಲ.

ಥಾಯ್ ತಳಿಯ ಮೋಹ ಬೇರೆಯೇ ಬಗೆಯದು. ಈಶಾನ್ಯ ಥಾಯ್ಲೆಂಡಿನ ಇಸಾನ್ ಸೀಮೆಯಲ್ಲಿ, ಫೂ ಫಾನ್ ಬೆಟ್ಟಗಳ ಸುತ್ತ ಬೆಳೆಯುವ ಒಂದು ತಳಿಗೆ ಅಳಿಲಿನ ಬಾಲ ಎಂಬ ಅರ್ಥದ ಹೆಸರಿದೆ. ಹೂಗೊಂಚಲು ನೋಡಿದರೆ ಹೆಸರು ಎಷ್ಟು ಸರಿ ಎಂದು ಗೊತ್ತಾಗುತ್ತದೆ. ಅಲ್ಲಿ ಗಾಂಜಾಕ್ಕೆ ಕಂಚಾ ಎನ್ನುತ್ತಾರೆ. ಪದ ಎಲ್ಲಿಂದ ಹೋದದ್ದು ಎಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಬಿದಿರಿನ ಕಡ್ಡಿಗೆ ಹೂವನ್ನು ನಾರಿನಿಂದ ಸುತ್ತಿದ ಥಾಯ್ ಸ್ಟಿಕ್ ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರ ಮೂಲಕ ಜಗತ್ತಿಗೆ ಪರಿಚಯವಾಯಿತು. ಬೆಳೆಯಲು ಮಾತ್ರ ಇದು ನಾಲ್ಕರಲ್ಲಿ ಅತ್ಯಂತ ಹಟಮಾರಿ. ಹೂ ಮುಗಿಯಲು ಹದಿನಾಲ್ಕರಿಂದ ಇಪ್ಪತ್ತು ವಾರ. ನೀರು, ಬೆಳಕು ಸ್ವಲ್ಪ ಏರುಪೇರಾದರೂ ಹೆಣ್ಣು ಗಿಡದಲ್ಲೇ ಗಂಡು ಹೂ ಬಿಟ್ಟು ಬೀಜ ಕಟ್ಟುವ ಗುಣ. ದೀಪದ ಕೆಳಗೆ ಹೂವಿಗೆ ತಿರುಗಿಸಿದ ಮೇಲೆ ಮೂರು ಪಟ್ಟು ಎತ್ತರಕ್ಕೆ ಚಿಮ್ಮುವ ಚಾಳಿ. ಥಾಯ್ಲೆಂಡ್ 2022ರ ಜೂನ್‌ನಲ್ಲಿ ಗಾಂಜಾವನ್ನು ಮಾದಕ ವಸ್ತುಗಳ ಪಟ್ಟಿಯಿಂದ ತೆಗೆದು, 2025ರ ಜೂನ್‌ನಲ್ಲಿ ಹೂವಿನ ಮಾರಾಟವನ್ನು ಮತ್ತೆ ವೈದ್ಯರ ಚೀಟಿಗೆ ಕಟ್ಟಿಹಾಕಿದೆ. ಪ್ರವಾಸಕ್ಕೆ ಹೋಗುವವರು ಹಳೆಯ ಸುದ್ದಿ ನಂಬಿ ಹೋಗಬಾರದು.

ಕೊಲಂಬಿಯಾದ ಸಾಂತಾ ಮಾರ್ತಾ ಗೋಲ್ಡ್ ಬಗ್ಗೆ ಹೆಚ್ಚು ಹೇಳಲಾರೆ. ಸಿಯೆರಾ ನೆವಾಡ ಬೆಟ್ಟದ ಈ ಹೊಂಬಣ್ಣದ ತಳಿ 1970ರ ದಶಕದಲ್ಲಿ ಅಮೆರಿಕಕ್ಕೆ ಹಡಗುಗಟ್ಟಲೆ ಹೋಗಿತ್ತು. ಇಂದು ಆ ಹೆಸರಿನಲ್ಲಿ ಸಿಗುವ ಬೀಜಗಳಲ್ಲಿ ಬಹುಪಾಲು ಮಿಶ್ರ. ಜಮೈಕಾದ ತಳಿಗಳದೂ ಇದೇ ಕತೆ, ಆದರೆ ಅವುಗಳ ಚರಿತ್ರೆಯಲ್ಲಿ ನಮಗೊಂದು ಪಾಲಿದೆ: 1845ರಿಂದ ಕಬ್ಬಿನ ತೋಟಗಳಿಗೆ ಹೋದ ಭಾರತದ ಕೂಲಿಯಾಳುಗಳ ಜೊತೆ ಗಾಂಜಾ ಎಂಬ ಪದವೂ ಚಿಲುಮೆಯೂ ಆ ದ್ವೀಪಕ್ಕೆ ಹೋದವು. ಕೇರಳ, ದಕ್ಷಿಣ ಭಾರತ ಎಂಬ ಹೆಸರಿನಲ್ಲಿ ಯುರೋಪಿನ ಅಂಗಡಿಗಳು ಮಾರುವ ಬೀಜಗಳನ್ನು ಊರಿನ ಅಭಿಮಾನಕ್ಕೆಂದು ಒಮ್ಮೆ ತಂದು ಬೆಳೆದೆ. ನೆಲಮಾಳಿಗೆಯ ಸೂರಿಗೆ ತಲೆ ತಾಗಿಸಿಕೊಂಡು ಹದಿನೇಳು ವಾರ ನಿಂತ ಆ ಗಿಡದಿಂದ ಬಂದ ಇಳುವರಿ ಒಂದು ಉಪ್ಪಿನಕಾಯಿ ಜಾಡಿಯನ್ನೂ ತುಂಬಲಿಲ್ಲ.

ದೀಪದಡಿಯ ಬೇಸಾಯದಲ್ಲಿ ವ್ಯತ್ಯಾಸ

ಒಳಗೆ ಬೆಳೆಯುವುದೆಂದರೆ ಬೆಳಕನ್ನು ಹನ್ನೆರಡು ಗಂಟೆಗೆ ಇಳಿಸಿ ಹೂಬಿಡಿಸುವುದು. ಡರ್ಬನ್‌ಗೆ ಇಷ್ಟೇ ಸಾಕು. ಮಲಾವಿ, ಥಾಯ್ ಗಿಡಗಳಿಗೆ ಹನ್ನೊಂದು ಗಂಟೆ ಬೆಳಕು, ಹದಿಮೂರು ಗಂಟೆ ಕತ್ತಲು ಕೊಟ್ಟರೆ ಸೋಮಾರಿತನ ಬಿಟ್ಟು ಬೇಗ ಮುಗಿಸುತ್ತವೆ. ಅವುಗಳ ಊರಿನ ಚಳಿಗಾಲ ಅಷ್ಟೇ ತಾನೆ. ಚಿಕ್ಕ ಕುಂಡ, ಕಡಿಮೆ ಸಾರಜನಕ, ಮೊಣಕಾಲೆತ್ತರದಲ್ಲೇ ತುದಿ ಚಿವುಟಿ ಕೊಂಬೆಗಳನ್ನು ಬಾಗಿಸಿ ಕಟ್ಟುವುದು, ಇವು ಉಷ್ಣವಲಯದ ಗಿಡಗಳಿಗೆ ಬೇಕಾದ ಶಿಸ್ತು. ಅಫ್ಘಾನ್ ಮಿಶ್ರ ತಳಿಗೆ ಹಾಕುವಷ್ಟು ಗೊಬ್ಬರ ಹಾಕಿದರೆ ಇವುಗಳ ಎಲೆಯ ತುದಿ ಸುಟ್ಟಂತಾಗಿ ಹೂ ಹಿಂದೆ ಬೀಳುತ್ತದೆ. ಒಂದು ಅನುಕೂಲವೂ ಇದೆ: ಇವುಗಳ ಹೂ ಬಿಡಿಬಿಡಿಯಾಗಿ ಗಾಳಿಯಾಡುವಂತಿರುವುದರಿಂದ ಬೂಷ್ಟು ಹಿಡಿಯುವುದು ಕಡಿಮೆ.

ವಿದ್ಯುತ್ತಿನ ಲೆಕ್ಕವನ್ನು ಯಾರೂ ಮೊದಲೇ ಹಾಕುವುದಿಲ್ಲ. ಇನ್ನೂರು ವ್ಯಾಟಿನ ದೀಪ ದಿನಕ್ಕೆ ಹನ್ನೆರಡು ಗಂಟೆ ಉರಿದರೆ ಒಂಬತ್ತು ವಾರದ ಡರ್ಬನ್‌ಗೆ ಸುಮಾರು 151 ಯೂನಿಟ್, ಹದಿನಾರು ವಾರದ ಥಾಯ್‌ಗೆ ಸುಮಾರು 269 ಯೂನಿಟ್. ಇದು ಹೂವಿನ ಅವಧಿಯದು ಮಾತ್ರ. ಇಳುವರಿಯಲ್ಲಿ ಥಾಯ್ ಈ ಅಂತರವನ್ನು ತುಂಬಿಕೊಡುವುದಿಲ್ಲ.

ಜವಾರಿ ಬೀಜಗಳಲ್ಲಿ ಅರ್ಧ ಗಂಡು ಬರುತ್ತವೆ ಎಂಬುದನ್ನೂ ನಾಲ್ಕು ಗಿಡದ ಮಿತಿಯಲ್ಲಿರುವವರು ನೆನಪಿಡಬೇಕು. ಹೆಣ್ಣೇ ಹುಟ್ಟುವಂತೆ ಮಾಡಿದ ಬೀಜ ಮಿಶ್ರ ತಳಿಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಅಪ್ಪಟ ಮಲಾವಿ, ಥಾಯ್ ಗಿಡಗಳಲ್ಲಿ ಅಪರೂಪ. ನಾಲ್ಕು ಬೀಜ ಹಾಕಿ ಮೂರು ಗಂಡಾದರೆ ಆ ವರ್ಷ ಒಂದೇ ಗಿಡದ ಒಕ್ಕಲುತನ.

ಪರಿಣಾಮದ ಹೋಲಿಕೆ

ಗಾಂಜಾದ ಮತ್ತಿಗೆ ಮುಖ್ಯ ಕಾರಣ ಟಿಎಚ್‌ಸಿ ಎಂಬ ಅಂಶ. ಅದರ ತೀಕ್ಷ್ಣತೆಯನ್ನು ಸ್ವಲ್ಪ ಹದಗೊಳಿಸಬಲ್ಲದೆಂದು ಹೇಳಲಾಗುವ ಸಿಬಿಡಿ ಉಷ್ಣವಲಯದ ಮತ್ತಿನ ತಳಿಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಆಫ್ರಿಕಾದ ದಕ್ಷಿಣ ಭಾಗದ ಗಿಡಗಳಲ್ಲಿ, ವಿಶೇಷವಾಗಿ ಡರ್ಬನ್‌ನಲ್ಲಿ, ಟಿಎಚ್‌ಸಿವಿ ಎಂಬ ಇನ್ನೊಂದು ಅಂಶ ಬೇರೆ ತಳಿಗಳಿಗಿಂತ ಹೆಚ್ಚಾಗಿ ಸಿಗುತ್ತದೆ. ಹಸಿವನ್ನು ಕೆರಳಿಸುವ ಬದಲು ತಗ್ಗಿಸುತ್ತದೆ ಎಂಬ ಖ್ಯಾತಿ ಡರ್ಬನ್‌ಗೆ ಬಂದದ್ದು ಇದರಿಂದ. ಆದರೆ ಸೇದುವ ಹೂವಿನಲ್ಲಿ ಅದರ ಪ್ರಮಾಣ ಅಲ್ಪ, ಟಿಎಚ್‌ಸಿಯ ಪ್ರಮಾಣ ಅದರ ಹಲವು ಪಟ್ಟು. ತೂಕ ಇಳಿಸುವ ಗಾಂಜಾ ಎಂಬ ಜಾಹೀರಾತಿಗೆ ಮರುಳಾಗುವ ಕಾರಣವಿಲ್ಲ.

ಮತ್ತಿನ ಬಣ್ಣನೆಗಳನ್ನು ಪರೀಕ್ಷಿಸೋಣವೆಂದು ಒಂದು ಚಳಿಗಾಲದಲ್ಲಿ ಬ್ರಾಂಪ್ಟನ್‌ನಲ್ಲಿರುವ ನನ್ನ ಷಡ್ಡಕನೂ ನಾನೂ ಒಂದು ಕೆಲಸ ಮಾಡಿದೆವು. ಡರ್ಬನ್, ಮಲಾವಿ, ಅಂಗಡಿಯಿಂದ ತಂದ ಒಂದು ಅಫ್ಘಾನ್ ಮಿಶ್ರ ತಳಿ, ಇವನ್ನು ಹೆಸರಿಲ್ಲದ ಮೂರು ಜಾಡಿಗಳಲ್ಲಿ ಹಾಕಿ, ಅಂಕಿ ಮಾತ್ರ ಬರೆದು, ವಾರಕ್ಕೊಂದರಂತೆ ಶನಿವಾರ ಸಂಜೆ ಒಂದೇ ಪ್ರಮಾಣದಲ್ಲಿ ತೆಗೆದುಕೊಂಡು ಅನಿಸಿದ್ದನ್ನು ಬರೆದಿಟ್ಟೆವು. ಮೂಗು ಯಾರನ್ನೂ ಬಿಡಲಿಲ್ಲ. ಎರಡನೆಯ ಜಾಡಿ ತೆರೆದ ಕೂಡಲೇ ಅವನು "ಅಣ್ಣ, ಇದು ನಿಮ್ಮ ಸೋಂಪಿನ ಗಿಡ ಅಲ್ವಾ" ಎಂದುಬಿಟ್ಟ. ಹಾಗಿದ್ದೂ ನಮ್ಮ ಚೀಟಿಗಳಲ್ಲಿ ಒಮ್ಮತವಿರಲಿಲ್ಲ. ಮಲಾವಿ ನನ್ನನ್ನು ಮಧ್ಯರಾತ್ರಿಯ ತನಕ ಅಡುಗೆಮನೆಯ ಕಪಾಟು ಜೋಡಿಸುವಂತೆ ಮಾಡಿತು. ಅವನನ್ನು ಸೋಫಾದಲ್ಲಿ ಮಲಗಿಸಿತು. ಇಬ್ಬರೂ ಒಪ್ಪಿದ ಸಂಗತಿ ಒಂದೇ: ಡರ್ಬನ್ ಎರಡು ಗಂಟೆಗೆ ಇಳಿಯಿತು, ಮಲಾವಿ ನಾಲ್ಕು ಗಂಟೆಗೂ ಇಳಿದಿರಲಿಲ್ಲ. ಇಬ್ಬರ ಮೂರು ಶನಿವಾರಗಳು ವಿಜ್ಞಾನವಾಗುವುದಿಲ್ಲ ನಿಜ. ಆದರೂ ಪ್ರಮಾಣ, ಹೊಟ್ಟೆಯಲ್ಲಿ ಏನಿತ್ತು, ಆ ದಿನದ ಮನಸ್ಸು ಹೇಗಿತ್ತು ಎಂಬವು ತಳಿಯ ಹೆಸರಿಗಿಂತ ಹೆಚ್ಚು ಕೆಲಸ ಮಾಡುತ್ತವೆ ಎಂಬುದಕ್ಕೆ ನನಗೆ ಅಷ್ಟು ಸಾಕಾಯಿತು.

ತಳಿಗಿಂತ ತೆಗೆದುಕೊಳ್ಳುವ ಬಗೆ ತರುವ ವ್ಯತ್ಯಾಸವೇ ದೊಡ್ಡದು. ಹೊಗೆಯಾದರೆ ಕೆಲವೇ ನಿಮಿಷಗಳಲ್ಲಿ ಏರಿ ಎರಡರಿಂದ ನಾಲ್ಕು ಗಂಟೆ ಇರುತ್ತದೆ. ತಿಂದರೆ ಏರಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು, ಯಕೃತ್ತಿನಲ್ಲಿ ಇನ್ನಷ್ಟು ಬಲವಾದ ರೂಪಕ್ಕೆ ತಿರುಗಿ ಆರೆಂಟು ಗಂಟೆ ಹಿಡಿದಿಡುತ್ತದೆ. ಶಿವರಾತ್ರಿಯಲ್ಲಿ ಭಂಗಿ ಕುಡಿದು ಏನೂ ಆಗಲಿಲ್ಲವೆಂದು ಇನ್ನೊಂದು ಲೋಟ ಕುಡಿದವರ ಪಾಡು ಕೇಳಿದವರಿಗೆ ಇದು ಹೊಸತಲ್ಲ. ಕೆನಡಾದ ಅಂಗಡಿಗಳಲ್ಲಿ ತಿನ್ನುವ ಪದಾರ್ಥದ ಒಂದು ಪೊಟ್ಟಣದಲ್ಲಿ ಹತ್ತು ಮಿಲಿಗ್ರಾಂಗಿಂತ ಹೆಚ್ಚು ಟಿಎಚ್‌ಸಿ ಇರಬಾರದೆಂಬ ನಿಯಮವಿದೆ; ಮನೆಯಲ್ಲಿ ತುಪ್ಪಕ್ಕೆ ಹಾಕಿ ಕಾಸಿದವರಿಗೆ ಅಂಥ ಅಳತೆಗೋಲು ಇರುವುದಿಲ್ಲವಾದ್ದರಿಂದ ಮನೆಯ ಮಲಾವಿಯನ್ನು ತಿನಿಸಿಗೆ ಬಳಸಬೇಡಿ ಎಂಬುದು ನನ್ನ ಖಚಿತ ಸಲಹೆ.

ಇವುಗಳಲ್ಲಿ ಯಾವುದನ್ನೂ ಆರಿಸಬಾರದ ಜನರೂ ಇದ್ದಾರೆ. ಮನೆತನದಲ್ಲಿ ಸ್ಕಿಜೋಫ್ರೇನಿಯಾದಂಥ ಕಾಯಿಲೆ ಇರುವವರು, ಹೃದಯದ ತೊಂದರೆ ಇರುವವರು, ಗರ್ಭಿಣಿಯರು, ಮಿದುಳು ಇನ್ನೂ ಬಲಿಯುತ್ತಿರುವ ಇಪ್ಪತ್ತೈದರ ಒಳಗಿನವರು ದೂರವಿರುವುದೇ ಲೇಸು. ಎದೆಬಡಿತ ಏರಿಸಿ ಆತಂಕ ಹುಟ್ಟಿಸುವ ಗುಣ ಟಿಎಚ್‌ಸಿಯದೇ ಆದ್ದರಿಂದ, ಸಿಬಿಡಿಯ ಕಡಿವಾಣವಿಲ್ಲದ ಉಷ್ಣವಲಯದ ತಳಿಗಳಲ್ಲಿ ಆ ದೂರು ಹೆಚ್ಚು ಕೇಳಿಬರುತ್ತದೆ. ಮೇಲೆ ಹೇಳಿದವರಲ್ಲಿ ಸೇರದೆ, ಆತಂಕದ ದೂರು ಮಾತ್ರ ಇರುವವರು ಸಿಬಿಡಿಯೂ ಟಿಎಚ್‌ಸಿಯೂ ಸಮಸಮ ಇರುವ ಮಿಶ್ರ ತಳಿಯನ್ನು ನೋಡಬಹುದು. ತೆಗೆದುಕೊಂಡ ದಿನ ಕಾರಿನ ಕೀಲಿ ಮನೆಯವರ ಕೈಯಲ್ಲಿರಲಿ.

ವೀಸಾ, ಗಡಿ

ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲಿರುವವರು, ಗ್ರೀನ್ ಕಾರ್ಡಿಗೆ ಕಾಯುತ್ತಿರುವವರು ಈ ಬರಹವನ್ನು ಓದಿ ಬದಿಗಿಡುವುದು ಕ್ಷೇಮ. ರಾಜ್ಯದ ಕಾನೂನು ಏನೇ ಹೇಳಲಿ, ವಲಸೆಯ ವಿಷಯ ಒಕ್ಕೂಟ ಸರ್ಕಾರದ್ದು. ಕ್ಯಾಲಿಫೋರ್ನಿಯಾದಲ್ಲಿ ಕಾನೂನುಬದ್ಧವಾಗಿ ಆರು ಗಿಡ ಬೆಳೆಸಿದೆನೆಂದು ಸಂದರ್ಶನದಲ್ಲಿ ಒಪ್ಪಿಕೊಂಡರೂ, ಶಿಕ್ಷೆಯೇ ಆಗಿರದಿದ್ದರೂ, ಪ್ರವೇಶಕ್ಕೆ ಅಥವಾ ಪೌರತ್ವಕ್ಕೆ ಅದು ಅಡ್ಡಿಯಾಗಬಹುದು. ಫೋನಿನಲ್ಲಿರುವ ಗಿಡದ ಪಟವೂ ಪ್ರಶ್ನೆಗೆ ದಾರಿ ಮಾಡಿಕೊಡುತ್ತದೆ. ಕೆನಡಾದ ಗಡಿಯ ಎರಡೂ ಬದಿಯಲ್ಲಿ ಗಾಂಜಾ ಸಕ್ರಮವಿದ್ದರೂ ಅದನ್ನು ಗಡಿ ದಾಟಿಸುವುದು ಅಪರಾಧ. ಊರಿಗೆ ಹೋಗುವ ಹಾದಿಯಲ್ಲಿ ದುಬೈ, ಸಿಂಗಪುರದಂಥ ಕಡೆ ವಿಮಾನ ಬದಲಿಸುವವರು ಜಾಕೆಟ್ಟಿನ ಜೇಬು, ಬ್ಯಾಗಿನ ಸಂದುಗಳನ್ನು ಹಿಂದಿನ ರಾತ್ರಿಯೇ ಕೊಡವಿಕೊಳ್ಳಬೇಕು.

ಕೊಯ್ಲು ಮತ್ತು ಒಣಗಿಸುವಿಕೆ

ಕೊಯ್ಯುವ ದಿನವನ್ನು ಗೊತ್ತುಮಾಡುವುದರಲ್ಲೂ ತಳಿಗಳು ಬೇರೆಯಾಗುತ್ತವೆ. ಡರ್ಬನ್‌ನಲ್ಲಿ ಹೂವಿನ ಮೇಲಿನ ರಾಳದ ಗುಂಡುಗಳನ್ನು ಭೂತಗನ್ನಡಿಯಲ್ಲಿ ನೋಡಿದರೆ ಗಾಜಿನಂತಿದ್ದವು ಹಾಲಿನ ಬಣ್ಣಕ್ಕೆ ತಿರುಗಿ ಅಲ್ಲೊಂದು ಇಲ್ಲೊಂದು ಜೇನಿನ ಬಣ್ಣ ತೋರಿದಾಗ ಕೊಯ್ಯಬಹುದು. ಮಲಾವಿ, ಥಾಯ್‌ಗಳಲ್ಲಿ ಜೇನಿನ ಬಣ್ಣಕ್ಕೆ ಕಾಯುತ್ತ ಕುಳಿತರೆ ಗಿಡ ತುದಿಯಲ್ಲಿ ಹೊಸ ಹೂ ಬಿಡುತ್ತಲೇ ಹೋಗುವುದರಿಂದ ಕೊಯ್ಲು ಬರುವುದೇ ಇಲ್ಲ. ಕೆಳಗಿನ ಹಳೆಯ ಹೂಗಳನ್ನು ನೋಡಿ, ಅವು ಹಾಲಿನ ಬಣ್ಣಕ್ಕೆ ಬಂದಿದ್ದರೆ ಕೆಳಗಿನಿಂದ ಮೇಲಕ್ಕೆ ಎರಡು ಮೂರು ಕಂತುಗಳಲ್ಲಿ ಕೊಯ್ಯಬೇಕು.

ಒಳಗೆ ದೀಪದಡಿ ಬೆಳೆದು ಡಿಸೆಂಬರಿನಲ್ಲಿ ಕೊಯ್ಲಿಗೆ ಬರುವ ಮಲಾವಿಗೆ ಕೆನಡಾದಲ್ಲಿ ಇನ್ನೊಂದು ಕಂಟಕವಿದೆ. ಹೀಟರ್ ಉರಿಯುವ ಮನೆಯ ಗಾಳಿ ಹಪ್ಪಳ ಒಣಗಿಸುವಷ್ಟು ಶುಷ್ಕ. ಹತ್ತು ಹನ್ನೆರಡು ದಿನ ಹಿಡಿಯಬೇಕಾದ ಒಣಗುವಿಕೆ ಮೂರೇ ದಿನದಲ್ಲಿ ಮುಗಿದು, ಹೂ ಹುಲ್ಲಿನ ವಾಸನೆ ಬಿಡುತ್ತ ಗಂಟಲು ಕೆರೆಯುತ್ತದೆ. ಅದಕ್ಕೆ ಎಲೆ ಬಿಡಿಸದೆ ಗಿಡವನ್ನು ಇಡಿಯಾಗಿ ದೊಡ್ಡ ರಟ್ಟಿನ ಪೆಟ್ಟಿಗೆಯೊಳಗೆ ತಲೆಕೆಳಗಾಗಿ ತೂಗುಹಾಕಿ, ಪೆಟ್ಟಿಗೆಯನ್ನು ನೆಲಮಾಳಿಗೆಯ ತಣ್ಣನೆಯ ಮೂಲೆಯಲ್ಲಿಟ್ಟು, ದಿನಕ್ಕೊಮ್ಮೆ ಮುಚ್ಚಳ ತೆರೆದು ಮೂಸಿ ನೋಡುತ್ತೇನೆ. ಸಣ್ಣ ಕಡ್ಡಿ ಮುರಿದಾಗ ಬಾಗದೆ ಲಟಕ್ ಎಂದರೆ ಜಾಡಿಗೆ ಹಾಕುವ ಹೊತ್ತು. ಈ ವರ್ಷ ಹಿತ್ತಲಲ್ಲಿ ಎರಡು ಡರ್ಬನ್, ಒಳಗೆ ಒಂದು ಮಲಾವಿ. ನಾಲ್ಕನೆಯ ಕುಂಡದಲ್ಲಿ ಷಡ್ಡಕ ತಂದುಕೊಟ್ಟ ಕೊತ್ತಂಬರಿ ಬೆಳೆದಿದೆ.